ಹಲಸಿನ ಮೈ, ನಾಲ್ಕು ತಂತಿ

ನಮಸ್ಕಾರ. ನಿಮ್ಮ ರೇಡಿಯೋ ಈಗ ಎಲ್ಲಿದೆ? ಅಡುಗೆಮನೆಯ ಶೆಲ್ಫಿನ ಮೇಲಿರಬಹುದು, ಆಟೋದಲ್ಲಿರಬಹುದು. ಎಲ್ಲೇ ಇರಲಿ, ಅದರ ಸ್ಪೀಕರ್ ಅಂಗೈಗಿಂತ ದೊಡ್ಡದಿರಲಿಕ್ಕಿಲ್ಲ. ನಾನು ಇಲ್ಲಿ ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ದನಿ ನಿಮ್ಮ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಆದರೂ ನಿಮಗೆ ಕೇಳಿಸುತ್ತದೆ! ಆ ತಂತಿ 41ರ ಜೊತೆಗೆ 123, 164 ಅಂತ ಮೇಲಿನ ದನಿಗಳನ್ನೂ ಹುಟ್ಟಿಸುತ್ತದೆ. ಸ್ಪೀಕರ್ ಕೊಡುವುದು ಅವನ್ನು ಮಾತ್ರ. ಕೆಳಗೆ ಇರಬೇಕಾದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳುವುದು ನಿಮ್ಮ ಮಿದುಳು.

ಬೇಸ್ ನುಡಿಸುವವನ ಪಾಡೂ ಹೆಚ್ಚುಕಡಿಮೆ ಇದೇ. ಇರುತ್ತಾನೆ, ಲೆಕ್ಕಕ್ಕೆ ಸಿಗುವುದಿಲ್ಲ. ನಾನು ಹಗಲು ಬ್ಯಾಂಕಿನ ಕೆಲಸ, ಶನಿವಾರ ರಾಕ್ ಬ್ಯಾಂಡ್ ಅಂತ ಬದುಕುವವನು. ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾ. ರಾಕ್ ಬ್ಯಾಂಡಿನಲ್ಲಿ ಕೈಯಿಂದ ದುಡ್ಡು ಹೋಗುತ್ತದೆ, ಆರ್ಕೆಸ್ಟ್ರಾದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಶ್ರೀರಾಮಪುರದ ಒಂದು ಪೆಂಡಾಲಿನಲ್ಲಿ ಮೂರು ಗಂಟೆ ನುಡಿಸಿ ಕೆಳಗಿಳಿದಾಗ ಒಬ್ಬರು ಪ್ರೀತಿಯಿಂದ ಪ್ರಸಾದ ಕೊಟ್ಟು ಕೇಳಿದರು, "ನೀವು ಏನು ನುಡಿಸ್ತಿದ್ರಿ ಸಾರ್?" ಅವತ್ತು ನುಡಿಸಿದ್ದರಲ್ಲಿ ಅರ್ಧ ಇಳಯರಾಜ ಅವರ ಹಾಡುಗಳು. ಅವರ ಹಾಡಿನ ಅಡಿಯಲ್ಲಿ ಬೇಸ್ ಗಿಟಾರ್ ತನ್ನದೇ ಇನ್ನೊಂದು ಹಾಡು ಹೇಳಿಕೊಳ್ಳುತ್ತಿರುತ್ತದೆ. ಆದರೂ ಈ ಪ್ರಶ್ನೆ.

ಹೀಗೆ ಮರೆಯಲ್ಲಿ ನಿಲ್ಲುವವರಿಗೆ ಒಂದು ಗೀಳು ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ವಾದ್ಯ ಸಾಕಾಗುವುದಿಲ್ಲ, ಒಂದೇ ಬ್ಯಾಂಡೂ ಸಾಕಾಗುವುದಿಲ್ಲ. ಈ ಗೀಳಿನ ದೊಡ್ಡಣ್ಣ ಅಂದರೆ ನನ್ನ ಮಟ್ಟಿಗೆ ಅಮೆರಿಕದ ಲೆಸ್ ಕ್ಲೇಪೂಲ್. ಪ್ರೈಮಸ್ ಬ್ಯಾಂಡಿನ ಹಾಡುಗಾರ, ಬೇಸ್ ವಾದಕ. ಕ್ಯಾಲಿಫೋರ್ನಿಯಾದವರು, 1963ರಲ್ಲಿ ಹುಟ್ಟಿದವರು. ಅವರು ಬಡಗಿ ಕೆಲಸ ಮಾಡಿದವರು ಕೂಡ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಮರ ಕುಯ್ದ ಕೈಗೆ ವಾದ್ಯವೂ ಮರದ ಸಾಮಾನೇ.

1986ರಲ್ಲಿ ಮೆಟಾಲಿಕಾ ಬ್ಯಾಂಡಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಬಸ್ ಅಪಘಾತದಲ್ಲಿ ತೀರಿಕೊಂಡರು. ಆ ಜಾಗಕ್ಕೆ ಕ್ಲೇಪೂಲ್ ಕೂಡ ಪರೀಕ್ಷೆಗೆ ಹೋಗಿದ್ದರು. ಕೆಲಸ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಅಂತ ನಾನು ಅಂದುಕೊಳ್ಳುತ್ತೇನೆ. ಸಿಕ್ಕಿದ್ದರೆ ಆ ವಿಚಿತ್ರ ಗಿಟಾರುಗಳೆಲ್ಲ ಎಲ್ಲಿರುತ್ತಿದ್ದವು?

ಆ ಗಿಟಾರುಗಳಲ್ಲಿ ಹೆಸರಾದದ್ದು ‘ರೇನ್‌ಬೋ’, ಅಂದರೆ ಕಾಮನಬಿಲ್ಲು. ಮಾಡಿದವರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕುಶಲಿ ಕಾರ್ಲ್ ಥಾಂಪ್ಸನ್. ಬೇರೆ ಬೇರೆ ಬಣ್ಣದ ಮರದ ಪಟ್ಟಿಗಳನ್ನು ಅಂಟಿಸಿ ಕಡೆದ ಮೈ. ಬಣ್ಣ ಬಳಿದದ್ದಲ್ಲ, ಮರದ್ದೇ ಬಣ್ಣ. ತಂತಿ ಆರು, ಫ್ರೆಟ್ (ಕತ್ತಿನ ಮೇಲೆ ಕೂರಿಸುವ ಮೆಟ್ಟಿಲು) ಒಂದೂ ಇಲ್ಲ. ಫ್ರೆಟ್ ಇಲ್ಲದ ಬೇಸ್ ಅಂದರೆ ಬೆರಳು ಜಾರಿದಲ್ಲೆಲ್ಲ ಸ್ವರ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಹೊಸದೇನಲ್ಲ. ಇದೇ ಥಾಂಪ್ಸನ್ 1970ರ ದಶಕದಲ್ಲೇ ಆಂಥನಿ ಜಾಕ್ಸನ್ ಎಂಬ ವಾದಕರಿಗೆ ಆರು ತಂತಿಯ ಬೇಸ್ ಮಾಡಿಕೊಟ್ಟಿದ್ದರು. ಆಗ ಬೇಸ್ ಅಂದರೆ ನಾಲ್ಕೇ ತಂತಿ ಅನ್ನುವ ಕಾಲ. ಲಿಯೋ ಫೆಂಡರ್ 1951ರಲ್ಲಿ ತಂದ ‘ಪ್ರಿಸಿಷನ್’ ಬೇಸಿನ ಅಳತೆಯೇ ಎಲ್ಲರಿಗೂ ಶಾಸ್ತ್ರವಾಗಿತ್ತು. ತಂತಿ ಮಿಡಿಯುವ ಉದ್ದ 34 ಇಂಚು. ಇವತ್ತಿಗೂ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಅದೇ.

ಎಷ್ಟೋ ವರ್ಷ ಆದಮೇಲೆ ಕ್ಲೇಪೂಲ್ ತಾವೇ ಒಂದು ಬೇಸ್ ವಿನ್ಯಾಸ ಮಾಡಿದರು. ಹೆಸರು ‘ಪ್ಯಾಕಿಡರ್ಮ್’. ಆನೆ, ಘೇಂಡಾಮೃಗದಂಥ ದಪ್ಪ ಚರ್ಮದ ಪ್ರಾಣಿ ಅಂತ ಅರ್ಥ. ಅಷ್ಟೆಲ್ಲ ಸುತ್ತಾಡಿ ಬಂದು ಅದರಲ್ಲಿ ಇಟ್ಟದ್ದು ಮತ್ತೆ ನಾಲ್ಕೇ ತಂತಿ!

ಬ್ಯಾಂಡುಗಳ ಕಥೆಯೂ ಹಾಗೆಯೇ. ಪ್ರೈಮಸ್ ಅಲ್ಲದೆ ಸಾಸೇಜ್, ಫ್ರಾಗ್ ಬ್ರಿಗೇಡ್, ಆಮೇಲೆ ಶಾನ್ ಲೆನನ್ ಜೊತೆ ಇನ್ನೊಂದು. 2000ದಲ್ಲಿ ‘ದಿ ಪೊಲೀಸ್’ ಬ್ಯಾಂಡಿನ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಮತ್ತು ಗಿಟಾರ್ ವಾದಕ ಟ್ರೇ ಅನಸ್ಟಾಸಿಯೋ ಸೇರಿ ಆಯ್ಸ್ಟರ್‌ಹೆಡ್. ಎಲ್ಲವೂ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ಕೆಲವು ಕೇಳಿದರೆ ಗೆಳೆಯರು ಮಧ್ಯರಾತ್ರಿ ಕೂತು ಹರಟೆ ಹೊಡೆದ ಹಾಗಿದೆ. ಆ ಹರಟೆಯಲ್ಲೇ ಹೊಸ ಸಾಮಾನು ಹೊರಬೀಳುತ್ತದೆ ಅನ್ನಿ.

ಅಂಥ ಒಂದು ಸಾಮಾನು ‘ವಾಮೋಲಾ’. ಒಂದು ಕೋಲು, ಒಂದೇ ತಂತಿ. ಒಂದು ಕೈಯಲ್ಲಿ ಸನ್ನೆಕೋಲು ಎಳೆದು ತಂತಿ ಬಿಗಿ ಮಾಡುವುದು, ಸಡಿಲ ಮಾಡುವುದು. ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ಬಾರಿಸುವುದು. ಅದನ್ನು ವೀಡಿಯೋದಲ್ಲಿ ಮೊದಲ ಸಲ ನೋಡಿದಾಗ ನಮ್ಮಮ್ಮ ಪಕ್ಕದಲ್ಲಿದ್ದರು. "ಚೌಡಿಕೆ ಅಲ್ವಾ ಇದು?" ಅಂದರು. ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ ನೋಡಿದವರಿಗೆ ಗೊತ್ತು. ಅಲ್ಲೂ ಒಂದೇ ತಂತಿ, ಅದನ್ನು ಎಳೆದು ಬಿಟ್ಟು ಸ್ವರ ಏರಿಸಿ ಇಳಿಸುವುದು. ಒಬ್ಬರನ್ನೊಬ್ಬರು ನೋಡಿ ಕಲಿತವರಲ್ಲ. ತಂತಿಯ ಗುಣವೇ ಹಾಗೆ.

ನಮ್ಮ ಬೆಂಗಳೂರಿಗೆ ಬಂದವರನ್ನು ಬಿಡುವ ಹಾಗಿಲ್ಲ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನುಡಿಸಿತು. ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಹಿಡಿಯುವುದು ಅದೇ ಫೆಂಡರ್ ಪ್ರಿಸಿಷನ್. ಲಕ್ಷ ಜನರ ಮುಂದೆ ನುಡಿಸುವ ಮನುಷ್ಯ ‘ಬ್ರಿಟಿಷ್ ಲಯನ್’ ಅಂತ ಇನ್ನೊಂದು ಬ್ಯಾಂಡ್ ಇಟ್ಟುಕೊಂಡು ಸಣ್ಣ ಕ್ಲಬ್ಬುಗಳಲ್ಲಿ ನುಡಿಸುತ್ತಾರೆ. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಮೆಟಾಲಿಕಾ ಬಂತು. ಹಿಂದೆ ಕ್ಲೇಪೂಲ್‌ಗೆ ಸಿಗದ ಜಾಗದಲ್ಲಿ ಆಗ ರಾಬರ್ಟ್ ಟ್ರುಹಿಯೋ ಇದ್ದರು. ಅವರ ಬೇಸುಗಳ ಮೇಲೆ ಮರ ಸುಟ್ಟು ಚಿತ್ರ ಬಿಡಿಸುವವರು ಅವರ ಹೆಂಡತಿ, ಕಲಾವಿದೆ ಕ್ಲೋಯಿ. ಮನೆಯಲ್ಲೇ ಕಸ್ಟಮ್ ಕೆಲಸ, ನೋಡಿ.

ನಿಜ ಹೇಳಬೇಕಂದರೆ ‘ಕಸ್ಟಮ್’ ಅನ್ನುವ ಪದಕ್ಕೆ ನಾವು ಬಾಯಿ ಬಿಡಬೇಕಾಗಿಲ್ಲ. ಮೈಸೂರಿನಲ್ಲೋ ತಂಜಾವೂರಿನಲ್ಲೋ ವೀಣೆ ಮಾಡುವವರ ಹತ್ತಿರ ಹೋಗಿ ಹೇಳಿ ಮಾಡಿಸುವುದು ಹಳೆಯ ರೂಢಿ. 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿ, ಒಂದೊಂದನ್ನೂ ಕಿವಿಯಲ್ಲೇ ಹೊಂದಿಸುತ್ತಾರೆ. ನುಡಿಸುವ ತಂತಿ ನಾಲ್ಕು, ಬೇಸಿನ ಹಾಗೆ. ತಂಜಾವೂರು ವೀಣೆಗೆ ಹಲಸಿನ ಮರ.

ನನ್ನ ತಲೆಗೆ ಹುಳ ಬಿಟ್ಟದ್ದು ಆ ಹಲಸೇ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಒಂದು ಒಣಗಿದ ಹಲಸಿನ ಹಲಗೆ ಹುಡುಕಿದೆ. ನಮ್ಮ ಬೀದಿಯ ಬಡಗಿಗೆ ಕಾಗದದಲ್ಲಿ ಆಕಾರ ಬರೆದುಕೊಟ್ಟೆ. ಅವನು ತಿರುಗಿಸಿ ಮುರುಗಿಸಿ ನೋಡಿದ. "ಇದಕ್ಕೆ ಹೊಟ್ಟೆಯೇ ಇಲ್ವಲ್ಲ, ದನಿ ಎಲ್ಲಿಂದ ಬರುತ್ತೆ?" ಸರಿಯಾದ ಪ್ರಶ್ನೆ. ಅಯಸ್ಕಾಂತಕ್ಕೆ ಸಾವಿರಾರು ಸುತ್ತು ತಾಮ್ರದ ತಂತಿ ಸುತ್ತಿರುತ್ತಾರೆ, ಅದು ಪಿಕಪ್. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಹೊಟ್ಟೆಯ ಕೆಲಸವನ್ನು ಆಂಪ್, ಅಂದರೆ ದನಿ ದೊಡ್ಡದು ಮಾಡುವ ಪೆಟ್ಟಿಗೆ, ಮಾಡುತ್ತದೆ. ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಮೊದಲ ಕತ್ತು ಕೆಟ್ಟಿತು. ತಪ್ಪು ನನ್ನದೇ. ನಾಲ್ಕು ತಂತಿ ಬಿಗಿದರೆ ಕತ್ತಿನ ಮೇಲೆ ಹೆಚ್ಚುಕಡಿಮೆ ಒಬ್ಬ ದೊಡ್ಡ ಮನುಷ್ಯನ ತೂಕದಷ್ಟು ಎಳೆತ ಬೀಳುತ್ತದೆ. ಒಳಗೆ ಉಕ್ಕಿನ ಸರಳು ಇಡಿಸದೆ ಸುಮ್ನೆ ಮರವನ್ನೇ ನಂಬಿದ್ದೆ. ಹದಿನೈದು ದಿನಕ್ಕೆ ಬಿಲ್ಲಾಯಿತು. ಎರಡನೆಯದಕ್ಕೆ ಸರಳು ತರಿಸಿದೆ. ಬೆರಳು ಓಡುವ ಪಟ್ಟಿಗೆ ಅಜ್ಜಿಯ ಮುರಿದ ಮಂಚದ ಬೀಟೆ ಮರ ಹಾಕಿಸಿದೆ. ನಮ್ಮ ಬೀಟೆಗೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು. ಬ್ರೆಜಿಲ್ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು.

ಆಮೇಲೆ ಗುಂಯ್ ಅನ್ನುವ ಸದ್ದಿನ ಕಾಟ. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ. ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಸ್ವರ 49. ಎರಡೂ ಒಂದರ ಪಕ್ಕ ಒಂದು ಕೂತು ಜಗಳ ಆಡುತ್ತವೆ. ಒಳಗೆ ತಾಮ್ರದ ಹಾಳೆ ಅಂಟಿಸಿದ ಮೇಲೆ ಸ್ವಲ್ಪ ತಣ್ಣಗಾಯಿತು. ದನಿ? ಫೆಂಡರಿಗಿಂತ ಮೊದ್ದು, ದುಂಡು. ಶೃತಿ ಬೇಗ ಇಳಿಯುತ್ತದೆ. ನನಗಂತೂ ಇಷ್ಟ.

ಹೋದ ವರ್ಷ ಗಣೇಶನ ಪೆಂಡಾಲಿಗೆ ಬಡಗಿಯೂ ಬಂದಿದ್ದ. ಸ್ಪೀಕರಿನ ಪೆಟ್ಟಿಗೆಗೆ ಅಂಗೈ ಒತ್ತಿಕೊಂಡು ಒಂದು ಹಾಡು ಪೂರ್ತಿ ನಿಂತ. ಮಾರನೆಯ ದಿನ ಮನೆಗೆ ಬಂದು, ಉಳಿದಿದ್ದ ಹಲಸಿನ ತುಂಡು ಕೇಳಿ ತೆಗೆದುಕೊಂಡು ಹೋದ. ವಾರ ಬಿಟ್ಟು ಅಮ್ಮನಿಗೆ ಒಂದು ಈಳಿಗೆಮಣೆ ತಂದುಕೊಟ್ಟ. ಗಿಟಾರಿಗೆ ಹಾಕಿದ ಪಾಲಿಶ್‌ನ್ನೇ ಅದಕ್ಕೂ ಹಾಕಿದ್ದಾನೆ.