ಕುಡಿತ ಬಿಟ್ಟ ಮೊದಲ ನಾಲ್ಕು ದಿನ

ಕೇಳುಗರೆ, ನಮಸ್ಕಾರ.

ಕುಡಿದರೆ ಲಿವರ್ ಹಾಳು, ಮನೆ ಹಾಳು. ಇದು ನಿಮಗೆ ಗೊತ್ತಿರುವುದೇ. ಇವತ್ತು ನಾನು ಹೇಳಹೊರಟಿರುವುದು ಕುಡಿತ ಬಿಟ್ಟಾಗ ಬರುವ ಅಪಾಯದ ಬಗ್ಗೆ.

ನಮ್ಮಲ್ಲಿ ಕುಡಿತ ಬಿಡುವುದು ಹೇಗೆ? ದೇವರ ಮುಂದೆ ಆಣೆ ಮಾಡಿ, ಇಲ್ಲವೇ ಅಯ್ಯಪ್ಪನ ಮಾಲೆ ಹಾಕಿ, ಅಲ್ವಾ? ಬೆಳಗ್ಗೆ ಎದ್ದ ಕೂಡಲೇ ಕ್ವಾರ್ಟರ್ ಹುಡುಕುತ್ತಿದ್ದವರು ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಆ ಗಟ್ಟಿ ಮನಸ್ಸನ್ನು ಮೆಚ್ಚಲೇಬೇಕು. ಆದರೆ ಮೆದುಳು ಅದಕ್ಕೆ ತಯಾರಿರುವುದಿಲ್ಲ.

ಮದ್ಯ ಮೆದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ಕುಡಿದವರ ಮೆದುಳು ಅದಕ್ಕೆ ಎದುರಾಗಿ ಜಾಸ್ತಿ ಚುರುಕಾಗಿ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಆ ಕಡೆಯವರು ಫಕ್ಕನೆ ಕೈಬಿಟ್ಟರೆ ಈ ಕಡೆಯವರು ಬೀಳುತ್ತಾರಲ್ಲ, ಹಾಗಾಗುತ್ತದೆ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ. ಬೆವರು, ವಾಂತಿ, ನಿದ್ದೆಯಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಾಣತೊಡಗುತ್ತದೆ. ಗೋಡೆ ಮೇಲೆ ಹುಳ ಹರಿಯುತ್ತಿವೆ ಅನ್ನುತ್ತಾರೆ. ಯಾರೋ ಹೊಡೆಯಲು ಬಂದರು ಅಂತ ಎದ್ದು ಓಡುತ್ತಾರೆ. ಹೆಂಡತಿ ಮಕ್ಕಳ ಗುರುತೂ ಸಿಗದೆ ಹೋಗಬಹುದು. ಎದೆಬಡಿತ, ಜ್ವರ ಏರುತ್ತವೆ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಮನೆಯವರು ಗಾಳಿ ಸೋಕಿದೆ ಅಂದುಕೊಳ್ಳುತ್ತಾರೆ. ತಾಯತ ಕಟ್ಟಿಸುತ್ತಾರೆ. ಮಾಲೆಯ ನೇಮ ತಪ್ಪಿತೇನೋ ಅಂತ ಹೆದರುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಇದನ್ನೆಲ್ಲ ಮೊದಲೇ ಹೇಳಿದವರಾದರೂ ಯಾರು? ಅಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿ ನರಗಳನ್ನು ಶಾಂತ ಮಾಡುವ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಅದನ್ನೂ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ತೀರಾ ಕಡಿಮೆ ಇರುತ್ತದೆ. ಅದು ಪೂರ್ತಿ ಬರಿದಾದರೆ ನೆನಪಿನ ಶಕ್ತಿಯೇ ಹೋಗಿ, ಮತ್ತೆ ಬಾರದೆ ಇರಬಹುದು. ಸುಸ್ತು ಅಂತ ಸುಮ್ನೆ ಗ್ಲೂಕೋಸ್ ಹಾಕಿಸಿಕೊಂಡರೆ ಇದ್ದಬದ್ದ ಬಿ1 ಕೂಡ ಖರ್ಚಾಗುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಕುಡಿತದ ವಿಷಯ ಮುಚ್ಚಿಡಬೇಡಿ.

ಇನ್ನೊಂದು ಮಾತು. ಗೊತ್ತಾಗದ ಹಾಗೆ ಊಟದಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಿ ಅನ್ನುವ ಜಾಹೀರಾತು ನಂಬಬೇಡಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಂ ಎಂಬ ಕುಡಿತ ಬಿಡಿಸುವ ಔಷಧಿ ಇರಬಹುದು. ಅದನ್ನು ತಿಂದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ತಿನ್ನುವವರಿಗೆ ಹೇಳಿ, ಒಪ್ಪಿಸಿ, ಡಾಕ್ಟರ್ ನೋಡಿಕೊಂಡು ಕೊಡಬೇಕಾದ ಔಷಧಿ ಅದು. ಅಕ್ಕಂದಿರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಸಾರಿಗೆ ಏನನ್ನೂ ಬೆರೆಸಬೇಡಿ.

ಕುಡಿತ ಬಿಡಬೇಡಿ ಅಂತ ನಾನು ಹೇಳುತ್ತಿಲ್ಲ. ಬಿಡಲೇಬೇಕು. ಮಾಲೆ ಹಾಕುವವರು ಹಾಕಿ, ಆಣೆ ಮಾಡುವವರು ಮಾಡಿ. ಆದರೆ ಅದಕ್ಕೂ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗವಿದೆ. ಹೋಗಲು ಸಂಕೋಚವಾದರೆ ವ್ಯಸನ ಬಿಡಿಸುವ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಎರಡೂ ಉಚಿತ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇವಿಷ್ಟನ್ನು ಡಾಕ್ಟರ್ ಕೇಳಿಯೇ ಕೇಳುತ್ತಾರೆ. ಮೊದಲೇ ನೆನಪು ಮಾಡಿಕೊಂಡು ಹೋಗಿ.