ನೈಟ್ ಡ್ಯೂಟಿ ಮತ್ತು ತಿಂಗಳ ಮುಟ್ಟು

ಕೇಳುಗರಿಗೆ ನಮಸ್ಕಾರ.

ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ನೈಟ್ ಡ್ಯೂಟಿ ಅಂದರೆ ರಾತ್ರಿ 8ರಿಂದ ಬೆಳಿಗ್ಗೆ 8. ಮುಟ್ಟಿನ ಎರಡನೇ ದಿನ, ಸ್ರಾವ ಜಾಸ್ತಿ ಇರುವಾಗ, ಆ 12 ಗಂಟೆ ತಳ್ಳೋದು ಸುಲಭವಲ್ಲ. ಪ್ಯಾಡನ್ನು ನಾಲ್ಕಾರು ಗಂಟೆಗೊಮ್ಮೆ ಬದಲಿಸಿ ಅಂತ ನಮಗೆಲ್ಲ ಹೇಳಿಕೊಡುವವರೇ ಸಿಸ್ಟರ್‌ಗಳು. ಆದರೆ ವಾರ್ಡಿನಲ್ಲಿ ಒಬ್ಬರೇ ಇದ್ದಾಗ ಬಿಟ್ಟು ಹೋಗೋದು ಹೇಗೆ? ಒಬ್ಬರಿಗೆ ಇಂಜೆಕ್ಷನ್ ಟೈಮು, ಇನ್ನೊಬ್ಬರಿಗೆ ಬಿಪಿ ಇಳಿದಿದೆ, ಅಷ್ಟರಲ್ಲಿ ಹೊಸ ಅಡ್ಮಿಷನ್. ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯೋದಿಲ್ಲ. ತೊಡೆಸಂದು ಉಜ್ಜಿ ಗಾಯವಾಗುತ್ತದೆ, ಉರಿಮೂತ್ರ ಶುರುವಾಗುತ್ತದೆ. ಯೂನಿಫಾರಂ ಬಿಳಿಯದಾದರೆ ಕಲೆ ಆಯ್ತೇನೋ ಅನ್ನೋ ಚಿಂತೆ ಬೇರೆ. ಕೋವಿಡ್ ಕಾಲದಲ್ಲಂತೂ ಪಿಪಿಇ ಕಿಟ್ ಒಳಗೆ ಗಂಟೆಗಟ್ಟಲೆ ಇದೇ ಪಾಡು. ಮಧ್ಯೆ ಬಿಚ್ಚಿದರೆ ಕಿಟ್ಟೇ ದಂಡ.

ಮೈಯೊಳಗಿನ ಕಥೆ ಇನ್ನೊಂದಿದೆ. ಕತ್ತಲಾದರೆ ಮೆಲಟೋನಿನ್ ಎಂಬ ಹಾರ್ಮೋನ್ ಏರುತ್ತದೆ. ರಾತ್ರಿಯಿಡೀ ಲೈಟಿನ ಕೆಳಗೆ ಎಚ್ಚರವಿದ್ದರೆ ಅದು ತಗ್ಗುತ್ತದೆ. ಮುಟ್ಟನ್ನು ನಡೆಸುವ ಹಾರ್ಮೋನುಗಳೂ ಇದರಿಂದ ಹದ ತಪ್ಪಬಹುದು. ಅಮೆರಿಕದ 71,077 ನರ್ಸುಗಳ ಮಾಹಿತಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ 20 ತಿಂಗಳು ಅಥವಾ ಜಾಸ್ತಿ ಕಾಲ ಪಾಳಿ ಬದಲಿಸುತ್ತ ದುಡಿದವರಲ್ಲಿ ಮುಟ್ಟಿನ ಏರುಪೇರು ಪಾಳಿ ಬದಲಿಸದವರಿಗಿಂತ ಶೇ. 23ರಷ್ಟು ಹೆಚ್ಚು ಕಂಡಿತ್ತು. ಹಾಗಂತ ಎಲ್ಲವನ್ನೂ ಪಾಳಿಯ ತಲೆಗೆ ಕಟ್ಟಬೇಡಿ. ಥೈರಾಯ್ಡ್, ಪಿಸಿಒಡಿ ಅನ್ನೋ ಅಂಡಾಶಯದ ತೊಂದರೆ ಕೂಡ ಕಾರಣ ಇರಬಹುದು. ‘ನೈಟ್ ಡ್ಯೂಟಿ ಅಲ್ವಾ, ಹಾಗೇ’ ಅಂದುಕೊಂಡು ಮೂರು ತಿಂಗಳು ಮುಟ್ಟು ಬರದಿದ್ದರೂ ಸುಮ್ನಿರುವ ಸಿಸ್ಟರ್‌ಗಳಿದ್ದಾರೆ. ಡಾಕ್ಟರು ಪಕ್ಕದ ರೂಮಿನಲ್ಲೇ ಇರುತ್ತಾರೆ, ತೋರಿಸಿಕೊಳ್ಳಲು ಮಾತ್ರ ಪುರುಸೊತ್ತಿಲ್ಲ!

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ವಾರ್ಡಿಗೆ ಇರೋದೇ ಇಬ್ಬರು ಅಂದರೆ, ಒಬ್ಬರ ರಜೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ. ಆ ಇನ್ನೊಬ್ಬರಿಗೂ ಅದೇ ದಿನ ಹೊಟ್ಟೆನೋವಿದ್ದರೆ? ರಜೆ ಕೇಳಲು ಬಾಯೇ ಬರೋದಿಲ್ಲ.

ಹಾಗಾಗಿ ಮೊದಲು ಸರಿಯಾಗಬೇಕಾದದ್ದು ಡ್ಯೂಟಿ ಲಿಸ್ಟು ಅಂತ ನನಗನ್ನಿಸುತ್ತದೆ. ನೈಟ್‌ಗಳನ್ನು ಸಾಲಾಗಿ ಎಳೆಯಬಾರದು. ಹತ್ತು ನಿಮಿಷ ಬಿಡಿಸಿ ಕಳಿಸಲು ರಾತ್ರಿ ಎರಡು ವಾರ್ಡಿಗೆ ಒಬ್ಬರಾದರೂ ರಿಲೀವರ್ ಬೇಕು. ನರ್ಸುಗಳ ಟಾಯ್ಲೆಟ್ ವಾರ್ಡಿನ ಮಗ್ಗುಲಲ್ಲೇ ಇರಬೇಕು. ಅದರಲ್ಲಿ ನೀರು, ಮುಚ್ಚಳವಿರುವ ಕಸದ ಡಬ್ಬಿ, ನಾಲ್ಕು ಪ್ಯಾಡು ಇದ್ದರೆ ಸಾಕು. ಲಿಸ್ಟ್ ಹಾಕುವ ಇನ್‌ಚಾರ್ಜ್ ಸಿಸ್ಟರ್‌ಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ, ಅವರೂ ಇದೇ ದಾರಿಯಲ್ಲಿ ಬಂದವರು. ಇರುವ ನಾಲ್ಕು ಹೆಸರನ್ನೇ ಅವರು ಎಷ್ಟು ಸಲ ಹಿಂದೆ ಮುಂದೆ ಮಾಡಿಯಾರು? ಖಾಲಿ ಹುದ್ದೆ ತುಂಬಬೇಕಾದವರು ಆಡಳಿತದವರು.