ಕೆಸರು ಗೆದ್ದ ಟೈರು ಹಿಮದಲ್ಲಿ ಯಾಕೆ ಹೂತುಹೋಗುತ್ತದೆ?

[ದೃಶ್ಯ: ಮಂಡ್ಯದ ಹೊರಗೆ, ನಾಲೆ ಪಕ್ಕದ ಗದ್ದೆ. ನಾಟಿಗೆ ಕೆಸರು ಮಾಡುತ್ತಿರುವ ಟ್ರ್ಯಾಕ್ಟರ್.]

ನಮಸ್ಕಾರ. ಈ ಟ್ರ್ಯಾಕ್ಟರಿನ ಹಿಂದಿನ ಚಕ್ರ ನೋಡಿ. ಕಬ್ಬಿಣದ ಕೇಜ್ ವೀಲ್ ಹಾಕಿದ್ದಾರೆ. ಮೇಲೆ ಎಷ್ಟೇ ಕೆಸರಿದ್ದರೂ ಗದ್ದೆಯ ಅಡಿಯಲ್ಲಿ ಒಂದು ಗಟ್ಟಿ ಪದರ ಇರುತ್ತದೆ. ವರ್ಷಾನುಗಟ್ಟಲೆ ತುಳಿದು, ಉತ್ತು ಆದ ಪದರ ಅದು. ಚಕ್ರ ಕೆಸರನ್ನು ಸೀಳಿಕೊಂಡು ಅಲ್ಲಿಗೆ ಕಾಲೂರಿದರೆ ಗಾಡಿ ಮುಂದೆ ಹೋಗುತ್ತದೆ.

ಟ್ರ್ಯಾಕ್ಟರ್ ಟೈರಿನಲ್ಲೂ ಇದೇ ಲೆಕ್ಕ. ಆರ್-1 ಅಂದರೆ ಸಾಮಾನ್ಯ ಉಳುಮೆಗೆ. ಆರ್-2 ಅಂದರೆ ಭತ್ತ, ಕಬ್ಬಿನ ಒದ್ದೆ ಹೊಲಕ್ಕೆ. ಅದರ ಹಲ್ಲು ಆರ್-1ಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಆಳ. ಹಾಗಾಗಿ ಹಲ್ಲು ದೊಡ್ಡದಾದಷ್ಟೂ ಹಿಡಿತ ಜಾಸ್ತಿ ಅಂತ ಮಂಡ್ಯದವರಾದ ನಮಗೆ ಚಿಕ್ಕಂದಿನಿಂದಲೇ ಮನಸ್ಸಿನಲ್ಲಿ ಕೂತಿರುತ್ತದೆ.

ನಮ್ಮ ಭಾವನ ಮನಸ್ಸಿನಲ್ಲೂ ಕೂತಿತ್ತು. ಅಕ್ಕ, ಭಾವ ಇರುವುದು ಕೆನಡಾದ ಆಲ್ಬರ್ಟಾದಲ್ಲಿ. ಅವರ ಹತ್ತಿರ ಒಂದು ಎಟಿವಿ ಇದೆ. ಅದೇ, ರಿಸಾರ್ಟುಗಳಲ್ಲಿ ನೀವು ನೋಡಿರುವ, ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ಅಲ್ಲಿ ಅದು ಮೋಜಿಗಷ್ಟೇ ಅಲ್ಲ. ಮುಂದೆ ಅಗಲವಾದ ತಗಡಿನ ಹಲಗೆ ಕಟ್ಟಿಕೊಂಡು ಅಂಗಳದ ಹಿಮ ತಳ್ಳುತ್ತಾರೆ. ಬೇಸಿಗೆಯಲ್ಲಿ ಅದೇ ಗಾಡಿಯಲ್ಲಿ ಕಾಡುದಾರಿ ಸುತ್ತುತ್ತಾರೆ. ಭಾವ ಅಂಗಡಿಯಲ್ಲಿ ಇದ್ದದ್ದರಲ್ಲೇ ಆಳ ಹಲ್ಲಿನ ಕೆಸರು ಟೈರು ಹಾಕಿಸಿದ್ದರು. ಮೊದಲ ದೊಡ್ಡ ಹಿಮ ಬಿದ್ದ ದಿನ ಫೋನು ಬಂತು. "ಟೈರು ಹೊಸದು ಕಣೋ. ಆಕ್ಸಿಲರೇಟರ್ ಕೊಟ್ಟಷ್ಟೂ ಒಳಗೆ ಇಳೀತಾ ಇದೆ."

[ದೃಶ್ಯ: ಮೈಸೂರು, ನಮ್ಮ ವರ್ಕ್‌ಶಾಪ್. ಮೇಜಿನ ಮೇಲೆ ಎರಡು ಎಟಿವಿ ಟೈರು.]

ಯಾಕೆ ಹೀಗಾಯಿತು? ಕೆಸರು ಟೈರಿನ ಕೆಲಸ ತುಂಬಿಕೊಂಡದ್ದನ್ನು ಹೊರಗೆ ಎಸೆಯುವುದು. ನೋಡಿ, ಹಲ್ಲು ಹಲ್ಲಿನ ನಡುವೆ ನನ್ನ ಮೂರು ಬೆರಳು ಹಿಡಿಸುವಷ್ಟು ಜಾಗ. ಚಕ್ರ ತಿರುಗಿದಾಗ ಕೆಸರು ಹಾರಿಹೋಗಿ ಹಲ್ಲು ಮತ್ತೆ ಖಾಲಿಯಾಗಬೇಕು. ಹಿಮಕ್ಕೆ ಬೇಕಾದದ್ದು ಇದರ ಉಲ್ಟಾ.

ತಂಬಿಟ್ಟಿನ ಉಂಡೆ ಕಟ್ಟುವುದನ್ನು ನೋಡಿದ್ದೀರಲ್ವಾ? ಪುಡಿ ಪುಡಿಯಾಗಿ ಇರುವಾಗ ಬೆರಳ ಸಂದಿಯಲ್ಲಿ ಜಾರುತ್ತದೆ. ಹಿಡಿಯಲ್ಲಿ ಅದುಮಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಿಮವೂ ಹಾಗೆಯೇ. ಅದು ರಬ್ಬರಿಗಿಂತ ಇನ್ನೊಂದು ಹಿಮವನ್ನೇ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ಹಿಮಕ್ಕೆ ಹೊಂದುವ ಟೈರಿನಲ್ಲಿ ಹಲ್ಲುಗಳು ಹತ್ತಿರ ಹತ್ತಿರ ಇರುತ್ತವೆ. ನಡುವೆ ಸ್ವಲ್ಪ ಹಿಮ ಅದುಮಿಕೊಂಡು ಕೂರುತ್ತದೆ, ಅದೇ ನೆಲದ ಹಿಮವನ್ನು ಕಚ್ಚುತ್ತದೆ.

ಕೆಸರು ಟೈರು ಹಿಮವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಬಾಚಿ ಬಾಚಿ ಹಿಂದಕ್ಕೆ ಎಸೆಯುತ್ತದೆ, ಅಂದರೆ ಗುಂಡಿ ತೋಡುತ್ತದೆ. ಹಿಮ ಎರಡಡಿ ಇದ್ದರೆ ಹಲ್ಲು ಗಟ್ಟಿ ನೆಲ ಮುಟ್ಟುವ ಮೊದಲೇ ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತುಬಿಡುತ್ತದೆ. ಆಮೇಲೆ ನಾಲ್ಕು ಚಕ್ರವೂ ಸುಮ್ನೆ ಗಾಳಿಯಲ್ಲಿ ತಿರುಗಿದ ಹಾಗೆ.

ಈಗ ಈ ಎರಡನೇ ಟೈರು. ಇದು ಆಲ್-ಟೆರೇನ್. ಹಲ್ಲು ಅಷ್ಟು ಆಳವಿಲ್ಲ, ಆದರೆ ಸಾಲು ಒತ್ತೊತ್ತಾಗಿದೆ. ಒಂದೊಂದು ಹಲ್ಲಿನ ಮೇಲೂ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸೀಳುಗಳಿವೆ. ಇವಕ್ಕೆ ಸೈಪ್ ಅನ್ನುತ್ತಾರೆ. ಭಾರ ಬಿದ್ದಾಗ ಈ ಸೀಳು ಬಾಯಿ ಬಿಡುತ್ತದೆ, ಒಂದು ಹಲ್ಲಿಗೆ ನಾಲ್ಕೈದು ಅಂಚು ಸಿಗುತ್ತದೆ. ತುಳಿದು ಗಟ್ಟಿಯಾದ ಹಿಮದಲ್ಲಿ ಬ್ರೇಕ್ ಹಿಡಿದಾಗ ಈ ಅಂಚುಗಳೇ ಕಾಪಾಡುವುದು. ಟೈರು ಕೊಳ್ಳುವಾಗ ಹಲ್ಲಿನ ಆಳ ಅಳೆಯುವ ಮೊದಲು ಈ ಸೀಳು ಇದೆಯಾ ಅಂತ ನೋಡಿ.

ಉಗುರಿನಿಂದ ಒತ್ತಿಯೂ ನೋಡಿ. ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟೈರಿನ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ಕಾರುಗಳ ಚಳಿಗಾಲದ ಟೈರಿಗೆ ಬೇರೆಯೇ ಮೆತ್ತನೆ ರಬ್ಬರ್ ಹಾಕುತ್ತಾರೆ. ಹಾಗಂತ ತೀರಾ ಮೆತ್ತಗಿರುವುದನ್ನು ವರ್ಷವಿಡೀ ಓಡಿಸಿದರೆ ಬೇಸಿಗೆಯ ಕಲ್ಲುದಾರಿಯಲ್ಲಿ ಬೇಗ ಸವೆದುಹೋಗುತ್ತದೆ. ಒಂದೇ ಜೊತೆ ಟೈರಿನಲ್ಲಿ ಹನ್ನೆರಡು ತಿಂಗಳು ಓಡಿಸುವವರು ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ವರ್ಷದಲ್ಲಿ ಜಾಸ್ತಿ ದಿನ ಗಾಡಿ ಎಲ್ಲಿ ಓಡುತ್ತದೋ ಅದಕ್ಕೆ ಟೈರು ತಗೊಳ್ಳಿ, ಉಳಿದ ದಿನಗಳಿಗೆ ಟೈರಿನ ಮೇಲೆ ಸುತ್ತುವ ಕಬ್ಬಿಣದ ಸರಪಳಿ ಇಟ್ಟುಕೊಳ್ಳಿ. ನಾನು ಭಾವನಿಗೆ ಹೇಳಿದ್ದೂ ಇದನ್ನೇ.

[ದೃಶ್ಯ: ಟೈರಿನ ಪಕ್ಕದಲ್ಲಿ ಬರೆದ ಅಂಕಿ, ಹತ್ತಿರದಿಂದ.]

25x8-12. ಟೈರಿನ ಎತ್ತರ 25 ಇಂಚು, ಅಗಲ 8 ಇಂಚು, ರಿಮ್ 12 ಇಂಚು. ಇಷ್ಟೇ. 12ರ ಹಿಂದೆ ಗೆರೆಯ ಬದಲು ಆರ್ ಇದ್ದರೆ ರೇಡಿಯಲ್, ಅಂದರೆ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾದಿರುವ ಟೈರು. ಹಿಂದಿನ ಟೈರು ಸಾಮಾನ್ಯವಾಗಿ ಇನ್ನೂ ಅಗಲ ಇರುತ್ತದೆ, 10 ಇಂಚಿನ ಹಾಗೆ. ತೆಳು ಹಿಮದಲ್ಲಿ ಕಿರಿದಾದ ಟೈರು ಕೆಳಗಿನ ನೆಲ ಮುಟ್ಟುತ್ತದೆ, ಹಿಮ ತಳ್ಳುವ ಕೆಲಸಕ್ಕೆ ಒಳ್ಳೆಯದು. ಆಳ ಹಿಮದಲ್ಲಿ ಅಗಲವಾದದ್ದು ಮೇಲೆ ತೇಲುತ್ತದೆ.

ನೋಡೋಕೆ ಚೆನ್ನಾಗಿರುತ್ತದೆ ಅಂತ ದೊಡ್ಡ ಟೈರು ಹಾಕಬೇಡಿ, ದಯವಿಟ್ಟು. ಇಂಜಿನ್ನಿನ ಎಳೆತ ಕಡಿಮೆಯಾಗುತ್ತದೆ, ಇಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಸಾಗಿಸುವ ಬೆಲ್ಟ್ ಮೇಲೆ ಭಾರ ಬೀಳುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಹಿಂದೆ ಮುಂದೆ ಎತ್ತರ ಕಂಪನಿ ಕೊಟ್ಟ ಲೆಕ್ಕದಲ್ಲೇ ಇರಬೇಕು. ಇಲ್ಲದಿದ್ದರೆ ಮುಂದಿನ ಆಕ್ಸಲ್ಲು ಹಿಂದಿನದು ಒಂದನ್ನೊಂದು ಎಳೆದಾಡುತ್ತವೆ.

[ದೃಶ್ಯ: ಗಾಳಿ ಗೇಜು ಕೈಯಲ್ಲಿ.]

ಭಾವನ ಗಾಡಿ ಹೂತದ್ದಷ್ಟೇ ಅಲ್ಲ, ಇನ್ನೊಂದು ಭಯವೂ ನನಗಿತ್ತು. ಗಾಳಿ. ಕಾರಿಗೆ 30 ಪಿಎಸ್‌ಐ ಮೇಲೆ ಹಾಕುತ್ತೇವೆ. ಬಹಳಷ್ಟು ಎಟಿವಿಗಳಿಗೆ 5ರಿಂದ 7 ಸಾಕು. ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಈ 5, 6 ಸರಿಯಾಗಿ ಕಾಣುವುದೇ ಇಲ್ಲ. ಕಡಿಮೆ ಒತ್ತಡದ ಗೇಜು ಬೇರೆ ಬರುತ್ತದೆ, ಅದನ್ನೇ ತಗೊಳ್ಳಿ.

ಈಗ ಲೆಕ್ಕ ಹಾಕಿ. ಬೆಚ್ಚಗಿನ ಗ್ಯಾರೇಜಿನಲ್ಲಿ, 20 ಡಿಗ್ರಿಯಲ್ಲಿ, 6 ಪಿಎಸ್‌ಐ ತುಂಬಿದಿರಿ. ಹೊರಗೆ ಮೈನಸ್ 20. ಗಾಳಿ ತಣ್ಣಗಾದ ಮೇಲೆ ಗೇಜು 3ರ ಆಸುಪಾಸು ತೋರಿಸುತ್ತದೆ. ಅರ್ಧ ಹೋಯಿತು! ಅದೇ ಚಳಿಯಲ್ಲಿ 32 ಇದ್ದ ಕಾರಿನ ಟೈರು 25, 26ಕ್ಕೆ ಇಳಿಯುತ್ತದೆ, ಅಂದರೆ ಐದರಲ್ಲಿ ಒಂದು ಭಾಗ ಅಷ್ಟೇ. ಎಟಿವಿ ಟೈರಿನಲ್ಲಿ ಮೊದಲೇ ಗಾಳಿ ಕಡಿಮೆ, ಅದಕ್ಕೇ ಪೆಟ್ಟು ಜೋರು. ಮೂರಕ್ಕೆ ಇಳಿದ ಟೈರು ಜೋರಾಗಿ ತಿರುಗಿಸಿದಾಗ ರಿಮ್ ಬಿಟ್ಟು ಕಳಚಬಹುದು. ಹಾಗಾಗಿ ಗಾಡಿಯನ್ನು ಹೊರಗೆ ನಿಲ್ಲಿಸಿ, ಟೈರು ಪೂರ್ತಿ ತಣ್ಣಗಾದ ಮೇಲೆ ಗಾಳಿ ನೋಡಿ.

ಬರೀ ಐಸ್ ಇರುವ ಕಡೆ ಯಾವ ರಬ್ಬರೂ ಸಾಲದು. ಮೊಳೆ ಟೈರು ಇಲ್ಲವೇ ಸರಪಳಿ ಬೇಕು. ಭಾವ ಆಲ್-ಟೆರೇನ್ ಹಾಕಿಸಿಕೊಂಡು ಹಿಂದಿನ ಎರಡು ಚಕ್ರಕ್ಕೆ ಸರಪಳಿ ತಂದರು. ಹಾಕಿದ ಮೇಲೆ, ಓಡಿಸುವ ಮುನ್ನ, ವಿಡಿಯೋ ಕಾಲಿನಲ್ಲಿ ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ತೋರಿಸಲು ಹೇಳಿದೆ. ಸರಪಳಿ ಬ್ರೇಕ್ ಪೈಪಿಗಾಗಲಿ, ಮಡ್‌ಗಾರ್ಡಿಗಾಗಲಿ ತಾಗಬಾರದು. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು.

ಇನ್ನು ನಮ್ಮ ಕಡೆ ತೋಟಕ್ಕೆ ಎಟಿವಿ ಇಟ್ಟುಕೊಂಡವರಿಗೆ ಒಂದು ಮಾತು. ಹಿಮ ಇಲ್ಲ, ಆದರೆ ಕಬ್ಬಿನ ಕೂಳೆ ಇದೆ, ಜಾಲಿ ಮುಳ್ಳಿದೆ. ಕಟಾವಾದ ಗದ್ದೆಯ ಕೂಳೆ ಈಟಿಯ ಹಾಗೆ ಟೈರಿನ ಪಕ್ಕಕ್ಕೇ ಚುಚ್ಚುತ್ತದೆ, ಅಲ್ಲಿ ಹರಿದರೆ ಪಂಕ್ಚರ್ ಹಾಕಿದರೂ ನಿಲ್ಲುವುದಿಲ್ಲ. ನಿಮಗೆ ಹಲ್ಲಿಗಿಂತ ಪಕ್ಕದ ಗೋಡೆಯ ಬಲ ಮುಖ್ಯ. 6 ಪ್ಲೈ ರೇಟಿಂಗ್ ಕೇಳಿ, ಅದು ಟೈರು ಎಷ್ಟು ಗಟ್ಟಿ ಅನ್ನುವ ಅಳತೆ. ಮತ್ತು ಟೈರಿನ ಮೇಲೆ ಬಾಣದ ಗುರುತಿದ್ದರೆ, ಅದು ಮುಂದಕ್ಕೆ ಉರುಳುವ ಕಡೆಗೇ ಇದೆಯಾ ಅಂತ ಅಂಗಡಿಯಿಂದ ಹೊರಡುವ ಮೊದಲು ನೋಡಿಕೊಳ್ಳಿ. ಒಮ್ಮೆ ಒಂದು ಅಂಗಡಿಯಲ್ಲಿ ನನಗೆ ಉಲ್ಟಾ ಹಾಕಿಕೊಟ್ಟಿದ್ದರು. ಗೊತ್ತಾಗಿದ್ದು ಮಳೆಯಲ್ಲಿ, ನಾಲೆ ಏರಿಯ ಮೇಲೆ ಗಾಡಿ ಜಾರಿದಾಗ.